ಮಾರಮ್ಮನಿಗೆ ಸೂಜಿ

ಚೌಡಯ್ಯನ ಮೈಮೇಲೆ ಮಾರಮ್ಮ ಬಂದಳು. ಬಂದವಳು ಹೋಗಲಿಲ್ಲ.

ಅವಳು ಬರುವುದು ಹೊಸದಲ್ಲ. ಬೆಸಗರಹಳ್ಳಿಯಿಂದ ಒಳಕ್ಕೆ, ಮಣ್ಣುರಸ್ತೆ ಮುಗಿಯುವಲ್ಲಿರುವ ಆ ಊರಿನಲ್ಲಿ ಮಾರಮ್ಮ ಬರಬೇಕಾದರೆ ಹೊಲಗೇರಿಯವರ ಮೈಯೇ ಆಗಬೇಕು. ಗೌಡರ ಬೀದಿಯವರ ಮೈಮೇಲೆ ಬಂದ ದಾಖಲೆ ಇಲ್ಲ. ತಮಟೆಯ ಚೌಡಯ್ಯನ ಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದಳು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಇರುತ್ತಿದ್ದಳು. ಒಂದು ಕೋಳಿಯನ್ನೋ ಹೆಂಡವನ್ನೋ ಕೇಳುತ್ತಿದ್ದಳು. ಕೇಳಿದ್ದನ್ನು ಕೊಟ್ಟರೆ ಎದ್ದು ಹೋಗಬೇಕು. ಅದು ಅವಳಿಗೂ ಊರಿಗೂ ಇದ್ದ ಕರಾರು.

ಈ ಸಲ ತಮಟೆ ಇರಲಿಲ್ಲ, ಧೂಪ ಇರಲಿಲ್ಲ. ದ್ಯಾವೇಗೌಡನ ಗದ್ದೆಗೆ ಹೋಗುವ ಕಾಲುವೆಯಲ್ಲಿ ಮಂಡಿಯುದ್ದ ಹೂಳಿನಲ್ಲಿ ನಿಂತು ಮಂಕರಿ ಎತ್ತಿಕೊಡುತ್ತಿದ್ದ ಚೌಡಯ್ಯ ಇದ್ದಕ್ಕಿದ್ದಂತೆ ಮಂಕರಿ ಎಸೆದ. ತಾನು ಮಾರಮ್ಮನೆಂದ. ಹೂಳು ಮೆತ್ತಿದ ಮೈಯಲ್ಲೇ ಊರಿನ ಕಡೆ ನಡೆದ. ಕೆಲಸ ಮಾಡುತ್ತಿದ್ದವರು ಮಂಕರಿ ಇಳಿಸಿ ಕೈಮುಗಿದರು. ಮೇಸ್ತ್ರಿ ಮಾತ್ರ ಅವನ ಅರ್ಧ ದಿನದ ಹಾಜರಿ ಹೊಡೆದುಹಾಕಿದ.

ಅವನ ಹೆಂಡತಿ ಹೊಂಬಾಳಮ್ಮ ಮೊದಲ ದಿನ ಎಲ್ಲರ ಹಾಗೆ ಬೇವಿನಸೊಪ್ಪು ತಂದಳು, ಅರಿಶಿನದ ನೀರು ತಂದಳು. ಮಾರನೆಯ ದಿನಕ್ಕೆ ಅವಳಿಗೆ ಅನುಮಾನ ಬಂತು. ಮಾರಮ್ಮ ತಿನ್ನುವವಳು. ಕೋಳಿ ಕೊಟ್ಟರೆ ಕಾಲನ್ನೂ ಬಿಡದೆ ತಿಂದು ಹೋಗುವವಳು. ಇವಳು ತಿನ್ನುತ್ತಿರಲಿಲ್ಲ, ಮಲಗುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿರಲಿಲ್ಲ. ಚೌಡಯ್ಯನ ತುಟಿ ಒಡೆದು ರಕ್ತ ಬರುತ್ತಿತ್ತು. ಕಣ್ಣು ಮುಚ್ಚಿದರೆ ತೆಂಗಿನಮರಗಳು ತನ್ನ ಹೆಸರು ಹಿಡಿದು ಕೂಗುತ್ತವೆ ಎನ್ನುತ್ತಿದ್ದ. ಉಚ್ಚೆ ಪಂಚೆಯಲ್ಲೇ ಹೋಗುತ್ತಿತ್ತು. ದೇವರಿಗೆ ಊಟ ಬೇಡದೆ ಇರಬಹುದು, ಆದರೆ ಪಂಚೆ ಒಗೆಯುವವಳಿಗೆ ದೇವರು ಯಾವುದು, ಕಾಯಿಲೆ ಯಾವುದು ಎಂದು ಬೇಗ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇತ್ತು. ಚೌಡಯ್ಯನ ಅಣ್ಣನ ಮೇಲೂ ಹೀಗೆಯೇ ಹೋಗದ ಮಾರಮ್ಮ ಬಂದಿದ್ದಳು. ಊರು ಅವನ ಕಾಲಿಗೆ ಬಿದ್ದಿತ್ತು. ಒಂದು ದಿನ ಅವನು ಊರೆಲ್ಲ ನೋಡುತ್ತಿರುವಾಗಲೇ ಗೌಡರ ತೋಟದ ಬಾವಿಗೆ ಹಾರಿದ. ಅಮ್ಮ ತನ್ನ ಮಗುವನ್ನು ಕರೆದುಕೊಂಡಳು ಎಂದು ಹೇಳಿದರು. ಬಾವಿಯ ನೀರೆಲ್ಲ ಎತ್ತಿ ಹಾಕಿಸಿ ಶುದ್ಧಮಾಡಿದರು. ನೀರು ಎತ್ತಿದವನು ಚೌಡಯ್ಯ.

ಆದ್ದರಿಂದ ಹೊಂಬಾಳಮ್ಮ ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು, ಆಸ್ಪತ್ರೆಗೆ ಹೋಗೋಣ, ಎದ್ದೇಳು ಎಂದಳು.

ಅವನು ನಕ್ಕ. "ಅಮ್ಮಂಗೆ ಸೂಜಿ ಚುಚ್ಚುಸ್ತೀಯಾ, ಮಗಳೇ?"

ಮದುವೆಯಾದಾಗಿನಿಂದ ಅವಳನ್ನು 'ಲೇ' ಎಂದು ಕರೆದವನು. ಗಂಡನ ಬಾಯಿಂದ 'ಮಗಳೇ' ಅನ್ನಿಸಿಕೊಂಡ ಹೆಂಗಸು ಆ ತಾಲ್ಲೂಕಿನಲ್ಲಿ ಬಹುಶಃ ಅವಳೊಬ್ಬಳೇ. ಅವಳು ತೋಳು ಹಿಡಿದು ಎಬ್ಬಿಸಲು ಹೋದಳು. ಅವನು ಒದ್ದ. ಹಲ್ಲೊಂದು ಅಲುಗಿತು.

ಅಷ್ಟರಲ್ಲಿ ಗೌಡರ ಬೀದಿ ಕೇರಿಗೆ ಬರತೊಡಗಿತ್ತು. ಕೇರಿಯ ಮುಂದಿನ ಚರಂಡಿ ದಾಟದವರೆಲ್ಲ ದಾಟಿದರು. ಎಮ್ಮೆ ಯಾಕೆ ಗಬ್ಬವಾಗಿಲ್ಲ, ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಗೆಜ್ಜಲಗೆರೆ ಕಡೆಯ ಸಂಬಂಧ ಕುದುರುತ್ತದೆಯೇ ಎಂದು ಕೇಳಿದರು. ಬಾಯಿಗೆ ಬಂದದ್ದನ್ನು ಚೌಡಯ್ಯ ಹೇಳಿದ. ಅವರು ಅವನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ದ್ಯಾವೇಗೌಡನ ಹೆಂಡತಿ ಚಲುವಮ್ಮ ಹಣೆಯನ್ನೇ ಆ ಪಾದದ ಮೇಲಿಟ್ಟಳು. ಕಾಲುವೆಯ ಹೂಳು ಇನ್ನೂ ಬೆರಳ ಸಂದಿಯಲ್ಲಿತ್ತು. ಮನೆಗೆ ಹೋಗಿ ಯಾರೂ ಸ್ನಾನ ಮಾಡಲಿಲ್ಲ. ಅಮ್ಮ ಮೈಮೇಲಿರುವಾಗ ಮೈಲಿಗೆ ಇಲ್ಲ. ಅಮ್ಮ ಇಳಿದ ಮರುಕ್ಷಣದಿಂದ ಇದೆ.

ಹೊಂಬಾಳಮ್ಮ ದ್ಯಾವೇಗೌಡನ ಮನೆಗೆ ಹೋದಳು. ಅವನು ಪಟೇಲ. ಪಟೇಲಿಕೆಯನ್ನು ಸರ್ಕಾರ ತೆಗೆದು ಬಹಳ ವರ್ಷವಾಗಿತ್ತು, ಅವನಿಗೆ ಇನ್ನೂ ಸುದ್ದಿ ತಲುಪಿರಲಿಲ್ಲ. ಅವಳು ಬೀದಿಯಲ್ಲಿ ನಿಂತು ಗಾಡಿ ಕೇಳಿದಳು. ಗಂಡನನ್ನು ಆಸ್ಪತ್ರೆಗೆ ಒಯ್ಯಬೇಕು ಅಂದಳು.

ದ್ಯಾವೇಗೌಡನಿಗೆ ನಿಜವಾಗಿಯೂ ಗಾಬರಿಯಾಯಿತು. "ಅಮ್ಮನ್ನ ಆಸ್ಪತ್ರೆಗೆ ಓಯ್ತೀಯಾ? ನಿನ್ ಬುದ್ಧಿ ನೆಟ್ಟಗೈತಾ? ಊರು ಸುಟ್ಟೋಯ್ತದೆ ಕಣಮ್ಮಿ."

"ಅವ್ರ ಅಣ್ಣನೂ ಇಂಗೇ ಓದ್ರು, ಬುದ್ಧಿ."

"ಪುಣ್ಯವಂತ."

ಅವಳು ಹಿಂತಿರುಗಿದಳು. ದಾರಿಯಲ್ಲಿ ಚಾವಡಿಯ ಗೋಡೆಯಿತ್ತು. ಅದರ ಮೇಲೆ 'ಅಸ್ಪೃಶ್ಯತೆ ಮಹಾಪರಾಧ' ಎಂದು ಸರ್ಕಾರದವರು ನೀಲಿ ಬಣ್ಣದಲ್ಲಿ ಬರೆಸಿದ್ದರು. ಎಪ್ಪತ್ತಾರನೇ ಇಸವಿ ಅದು, ಸರ್ಕಾರ ಗೋಡೆ ಕಂಡಲ್ಲೆಲ್ಲ ಬರೆಸುತ್ತಿತ್ತು. 'ಮಹಾಪರಾಧ'ದ ಮೇಲೆ ದ್ಯಾವೇಗೌಡನ ಮನೆಯವರು ಬೆರಣಿ ತಟ್ಟಿದ್ದರು.

ಬೆಸಗರಹಳ್ಳಿಗೆ ನಡೆದು ಹೋದಳು. ಅಲ್ಲಿ ತಿರುನಾರಾಯಣ ಡಾಕ್ಟರು ಒಂದು ಕೋಣೆಯ ದವಾಖಾನೆ ಇಟ್ಟಿದ್ದರು. ಹಣೆಯ ಮೇಲೆ ಅಗಲವಾದ ನಾಮ. ಆಕೆ ಹೇಳಿದ್ದನ್ನು ಪೂರ್ತಿ ಕೇಳಿ, ಇದು ದೇವರೂ ಅಲ್ಲ, ಗಾಳಿಯೂ ಅಲ್ಲ, ತಲೆಗೆ ಬರುವ ಕಾಯಿಲೆ, ಮೊದಲು ನಿದ್ದೆ ಬರಿಸಬೇಕು, ಆ ಇಂಜೆಕ್ಷನ್ನು ತಮ್ಮಲ್ಲಿಲ್ಲ, ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿದೆ ಎಂದರು. ಅವನು ಬರುವುದಿಲ್ಲ ಎನ್ನುತ್ತಾನಲ್ಲ ಎಂದು ಕೇಳಿದಳು. ಈ ಕಾಯಿಲೆಯವರು ಬರುವುದಿಲ್ಲ ಎಂದೇ ಅನ್ನುತ್ತಾರೆ, ನಾಲ್ಕು ಜನ ಎತ್ತಿಕೊಂಡು ಬನ್ನಿ ಎಂದರು. ತಡಮಾಡಬೇಡಿ, ನೀರೂ ಇಳಿಯದಿದ್ದರೆ ಬಾವಿ ಬೇಕಾಗುವುದಿಲ್ಲ, ಹಾಗೆಯೇ ಹೋಗುತ್ತಾನೆ ಎಂದೂ ಹೇಳಿದರು. ನಾಮ ಹಾಕಿದವರೇ ದೇವರಲ್ಲ ಅಂದಮೇಲೆ ಇನ್ನು ದೇವರಲ್ಲ ಎಂದು ಹೊಂಬಾಳಮ್ಮ ಗಟ್ಟಿಮಾಡಿಕೊಂಡಳು.

ನಾಲ್ಕು ಜನ. ಅದೇ ಸಿಗಲಿಲ್ಲ.

ಕೇರಿಯ ಯಜಮಾನ ಮರಿಸಿದ್ದಯ್ಯನನ್ನು ಕೇಳಿದಳು. ಅವನು ಒಳ್ಳೆಯವನೇ. ಚೌಡಯ್ಯನ ಜೊತೆ ಸತ್ತ ದನ ಹೊತ್ತವನು, ಅವನ ಮಗ್ಗುಲಲ್ಲಿ ನಿಂತು ತಮಟೆ ಬಡಿದವನು. ಆದರೆ ಅಮ್ಮ ಬಂದ ಮೈಯನ್ನು ಬಲವಂತವಾಗಿ ಹಿಡಿದರೆ ಹಿಡಿದವರ ಕೈ ಒಣಗುತ್ತದೆ ಎಂದು ಅವನಪ್ಪ ಹೇಳಿದ್ದ. ಕೈ ಒಣಗಿದರೆ ಕೂಲಿಯವನಿಗೆ ಏನು ಉಳಿಯುತ್ತದೆ? ಕೇರಿಯ ಗಂಡಸರೆಲ್ಲ ಅದನ್ನೇ ಹೇಳಿದರು. ಅವರಿಗೆ ಚೌಡಯ್ಯನನ್ನು ಮುಟ್ಟಬಹುದಿತ್ತು, ಹಿಡಿಯಲು ಹೆದರಿಕೆ. ಗೌಡರ ಬೀದಿಯವರ ಲೆಕ್ಕ ಬೇರೆ. ದೇವರಾದರೆ ಪಾದ ಮುಟ್ಟಬಹುದು, ಎತ್ತುವಂತಿಲ್ಲ. ಮನುಷ್ಯನಾದರೆ ಮುಟ್ಟುವಂತೆಯೇ ಇಲ್ಲ. ಅಷ್ಟು ಜನ ಗಂಡಸರಿದ್ದ ಊರಿನಲ್ಲಿ ಒಬ್ಬ ಒಣಕಲು ಮನುಷ್ಯನನ್ನು ಎತ್ತಲು ಶಾಸ್ತ್ರದಲ್ಲಿ ದಾರಿಯೇ ಇರಲಿಲ್ಲ.

ಮನೆಯಲ್ಲಿ ರಾಗಿ ಮುಗಿದಿತ್ತು. ಗಂಡನನ್ನು ನೋಡಿಕೊಳ್ಳಲು ಮರಿಸಿದ್ದಯ್ಯನಿಗೆ ಹೇಳಿ ಅವಳು ಕಬ್ಬಿನ ಗದ್ದೆಗೆ ರವದಿ ಸುಲಿಯಲು ಹೋದಳು. ಒಣಗಿದ ಕಬ್ಬಿನ ಗರಿ ಗರಗಸದಂತೆ. ಮೊಣಕೈತನಕ ಗೀರು, ಗೀರಿನ ಮೇಲೆ ಬೆವರು. ಮಧ್ಯಾಹ್ನ ಯಾರೋ ಬದುವಿನ ಮೇಲೆ ನಿಂತು, ಚೌಡಯ್ಯ ಗೌಡರ ಜಗುಲಿ ಹತ್ತಿದ್ದಾನೆ ಎಂದು ಕೂಗಿದರು.

ಆಗಿದ್ದು ಇಷ್ಟು. ಚೌಡಯ್ಯ ತಾನಾಗಿ ಎದ್ದು ಗೌಡರ ಬೀದಿಗೆ ಬಂದ. ಜನ ದಾರಿ ಬಿಟ್ಟು ಕೈಮುಗಿದರು. ದ್ಯಾವೇಗೌಡನ ಮನೆ ಮುಂದೆ ನಿಂತ. ಚಲುವಮ್ಮ ಕಾಲಿಗೆ ನೀರು ಹಾಕಿದಳು. ಅವನು ಜಗುಲಿ ಹತ್ತಿದ. ಆಗಲೂ ಯಾರೂ ತಡೆಯಲಿಲ್ಲ. ಬಾಯಾರಿದೆ ಎಂದ. ಬೀದಿಯಲ್ಲಿ ಮೇಲಿಂದ ಹೊಯ್ಯುವ ನೀರು ಬೇಡ, ಈ ಮನೆ ಒಳಗಿನ ನೀರು, ಈ ಮನೆ ಚೊಂಬಿನಲ್ಲೇ ಬೇಕು, ಕುಡಿಯದೆ ಏಳುವುದಿಲ್ಲ ಎಂದು ಹೇಳಿ ಹೊಸ್ತಿಲ ಮೇಲೆ ಒಂದು ಕಾಲಿಟ್ಟ.

ಬೆಸಗರಹಳ್ಳಿಯ ಡಾಕ್ಟರಿಗೆ ಎಲ್ಲವನ್ನೂ ಪೂರ್ತಿ ಕೇಳಿದ ಮೇಲೆ ತಿಳಿದ ಕಾಯಿಲೆ ದ್ಯಾವೇಗೌಡನಿಗೆ ಆ ಕ್ಷಣದಲ್ಲಿ ತಿಳಿಯಿತು. "ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ಇವ್ನಿಗೆ ಉಚ್ಚು ಇಡಿದೈತೆ. ತಳ್ರೋ ಆಚೆಗೆ."

ತಳ್ಳಬೇಕಾದರೆ ಮುಟ್ಟಬೇಕು. ಬಿದಿರಿನ ಗಳು ತಂದರು. ಗಳುವಿನ ತುದಿಯಿಂದ ಎದೆಗೆ ಒತ್ತಿ ಜಗುಲಿಯಿಂದ ಬೀಳಿಸಿದರು. ಹೋರಿಗೆ ಎಸೆಯುವ ಹಾಗೆ ದೂರದಿಂದ ಕುಣಿಕೆ ಎಸೆದು, ಎಳೆದು, ಜಗುಲಿಯ ಮುಂದಿನ ಕಲ್ಲುಕಂಬಕ್ಕೆ ಸುತ್ತಿದರು. ಗಾಳಿಯೇನಾದರೂ ಇದ್ದರೆ ಬಿಡಲಿ ಎಂದು ಯಾರೋ ಹುಣಸೆಬರಲು ತಂದು ಬಾರಿಸಿದರು. ಬೆಳಿಗ್ಗೆ ಅದೇ ಕೈ ಅವನ ಪಾದ ಮುಟ್ಟಿತ್ತು.

ಹೊಂಬಾಳಮ್ಮ ಬಂದಾಗ ಹಗ್ಗ ಅವನ ಕೊರಳಿಗೂ ಕಂಕುಳಿಗೂ ಬಿಗಿದಿತ್ತು. ಬೆನ್ನಿನ ಮೇಲೆ ಬಾಸುಂಡೆ. ಅವನು ಇನ್ನೂ ಈ ಮನೆ ಒಳಗಿನ ನೀರೇ ಬೇಕು, ಕುಡಿದರೆ ಏಳುತ್ತೇನೆ ಎನ್ನುತ್ತಲೇ ಇದ್ದ. ಧ್ವನಿ ಸಣ್ಣಗಾಗಿತ್ತು.

ಬೀದಿಯ ತುದಿಯಲ್ಲಿ ಎಳನೀರಿನ ಲಾರಿ ನಿಂತಿತ್ತು. ಮದ್ದೂರಿನ ಹಮೀದ್ ಲೋಡು ತುಂಬಿಸಿಕೊಂಡು ಹೊರಡುವವನಿದ್ದ. ಅವಳು ಮೊದಲು ಅವನ ಹತ್ತಿರ ಹೋಗಿ, ಮಂಡ್ಯದವರೆಗೆ ಒಯ್ಯುತ್ತೀಯಾ ಎಂದು ಕೇಳಿದಳು. ಹಮೀದ್ ಕಂಬದ ಕಡೆ ನೋಡಿ, ಬೀಡಿ ಎಸೆದು, ಕಾಯಿ ಮೇಲೆ ಗೋಣಿ ಹಾಸುತ್ತೇನೆ, ಕರೆದುಕೊಂಡು ಬಾ ಅಂದ.

ದ್ಯಾವೇಗೌಡನಿಗೂ ಅದು ಅನುಕೂಲವೇ ಆಯಿತು. "ತಕಂಡೋಗಿ, ಎಲ್ಲಿಗಾದ್ರೂ ತಕಂಡೋಗಿ" ಎಂದು ಕೇರಿಯವರಿಗೆ ಕೂಗಿ ಹೇಳಿದ. ಮರಿಸಿದ್ದಯ್ಯನೂ ಮತ್ತಿಬ್ಬರೂ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟರು. ಗೌಡರಿಗೆ ಅಮ್ಮ ಇಳಿದುಹೋಗಿದ್ದಳು, ಕೇರಿಯವರಿಗೆ ಇನ್ನೂ ಇಳಿದಿರಲಿಲ್ಲ.

ಹೊಂಬಾಳಮ್ಮ ದ್ಯಾವೇಗೌಡನ ಕಡೆ ತಿರುಗಿದಳು.

"ಇವ್ರಿಗೆ ಅಮ್ಮನ ಭಯ. ನಿಮ್ಗಿಲ್ಲ. ನೀವೇ ಕಾಯಿಲೆ ಅಂತ ಏಳುದ್ರಿ. ನೀವೇ ನಾಕ್ ಜನ ಇಡ್ಕಂಡು ಲಾರಿ ಅತ್ತುಸ್ಬುಡಿ."

ಯಾರೂ ಕದಲಲಿಲ್ಲ. ಗಳು ಹಿಡಿದವರು ಗಳುವನ್ನೇ ನೋಡಿದರು.

"ದೇವ್ರಾಗಿದ್ದಾಗ ಕಾಲ್ ಇಡುದ್ರಿ. ಈಗ ಕೈ ಇಡೀರಿ. ಅದೇ ಮೈ."

"ನಾಲ್ಗೆ ಉದ್ದ ಬುಡ್ಬೇಡ" ಎಂದು ದ್ಯಾವೇಗೌಡ ಹೇಳಿದ.

"ಓಗ್ಲಿ, ನೀರಾದ್ರೂ ಕೊಡಿ. ಕುಡುದ್ರೆ ಏಳ್ತೀನಿ ಅಂದವ್ನೆ. ಏಳ್ತಾನೆ."

ಅವಳು ಅದನ್ನು ಭಿಕ್ಷೆಯಂತೆ ಕೇಳಲಿಲ್ಲ. ಅವಳು ಲೆಕ್ಕ ಹಾಕಿದ್ದಳು. ಕಾಯಿಲೆಯೇ ಇರಲಿ, ಚೌಡಯ್ಯ ತಾನು ಮಾರಮ್ಮ ಎಂದು ನಂಬಿದ್ದ. ಮಾರಮ್ಮನ ಕರಾರು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಕಾಲದಿಂದ ಅದೇ ಅವನ ಕಸುಬು. ಕೇಳಿದ್ದು ಸಿಕ್ಕಿದರೆ ಏಳಬೇಕು. ಒಂದು ಚೊಂಬು ನೀರು ಸಿಕ್ಕಿದರೆ ಎತ್ತುವವರೇ ಬೇಡ.

ದ್ಯಾವೇಗೌಡ ಆಳಿಗೆ ಹೇಳಿ ಎಮ್ಮೆಗೆ ನೀರಿಡುವ ಬಾನಿಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ತರಿಸಿದ. ದೂರದಿಂದ ಹೊಯ್ಯಿಸಿದ. ಅದು ಚೌಡಯ್ಯನ ಮೂಗಿಗೆ ಬಿತ್ತು. ಚೌಡಯ್ಯ ಉಗಿದ.

"ಇದಲ್ಲ" ಎಂದ.

ಆಗ ಹೊಂಬಾಳಮ್ಮ ಜಗುಲಿ ಹತ್ತಿದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವಳು ಬಾಗಿಲ ಕಡೆ ನಡೆದಾಗ ಅರ್ಥವಾಯಿತು. ಗಳುವಿದ್ದವರು ಬೀದಿಯಲ್ಲಿದ್ದರು. ಜಗುಲಿಯ ಮೇಲಿದ್ದವರ ಕೈ ಖಾಲಿ ಇತ್ತು. ಅವಳನ್ನು ತಡೆಯಬೇಕಾದರೆ ಮುಟ್ಟಬೇಕು. ದ್ಯಾವೇಗೌಡ ತೋಳು ಅಡ್ಡ ಮಾಡಿದ, ಅವಳು ನಿಲ್ಲದೆ ಬರುತ್ತಿರುವುದನ್ನು ನೋಡಿ ತೋಳು ಹಿಂದಕ್ಕೆ ತೆಗೆದುಕೊಂಡ. ಅವನ ತಮ್ಮ ಗೋಡೆಗೆ ಅಂಟಿಕೊಂಡ. ಬಾಗಿಲಲ್ಲಿದ್ದ ಚಲುವಮ್ಮ ಸೆರಗು ಎತ್ತಿಕೊಂಡು ಪಕ್ಕಕ್ಕೆ ಹಾರಿದಳು. ಮುಟ್ಟಬಾರದು ಎಂಬ ಒಂದೇ ನಿಯಮವನ್ನು ಎಲ್ಲರೂ ತಪ್ಪದೆ ಪಾಲಿಸಿದ್ದರಿಂದ ಹೊಂಬಾಳಮ್ಮನಿಗೆ ಅಡುಗೆಮನೆಯ ತನಕ ದಾರಿ ಸಲೀಸಾಯಿತು.

ಹಿತ್ತಾಳೆ ಚೊಂಬಿನ ತುಂಬ ನೀರಿನೊಂದಿಗೆ ಅವಳು ಹೊರಗೆ ಬಂದಳು. ಅವಳ ಕೈಯ ಗೀರುಗಳ ರಕ್ತ ಚೊಂಬಿನ ಕಂಠಕ್ಕೆ ಮೆತ್ತಿತ್ತು. ಕಂಬದ ಹತ್ತಿರ ಕೂತು ಗಂಡನ ತಲೆ ಎತ್ತಿ ಕುಡಿಸಿದಳು. ಮೊದಲ ಗುಟುಕು ಆಚೆ ಬಂತು, ಎರಡನೆಯದು ಇಳಿಯಿತು. ಆಮೇಲೆ ಅವನು ಎಮ್ಮೆಯ ಹಾಗೆ ಕುಡಿದ.

ಅವಳು ಹಗ್ಗ ಬಿಚ್ಚಿದಳು. "ಕೇಳಿದ್ದು ಕೊಟ್ಟಾಯ್ತು, ತಾಯಿ. ಏಳು."

ಚೌಡಯ್ಯ ಅವಳನ್ನು ನೋಡಿದ. ಚೊಂಬು ನೋಡಿದ. ಕರಾರು ಕರಾರೇ. ಎದ್ದ. ತೂರಾಡುತ್ತ ಲಾರಿಯತ್ತ ನಡೆದ. ಹಿಂದೆ ದ್ಯಾವೇಗೌಡನ ಧ್ವನಿ ಒಡೆದು, ಹೊಲತಿ, ಸೂಳೆ, ಕಾಲು ಮುರಿಯುತ್ತೇನೆ ಎಂದೆಲ್ಲ ಬರುತ್ತಿತ್ತು. ಹಮೀದ್ ಎಂಜಿನ್ ಸ್ಟಾರ್ಟು ಮಾಡಿದ್ದರಿಂದ ಉಳಿದದ್ದು ಕೇಳಲಿಲ್ಲ.

ದಾರಿ ಸುಲಭವಾಗಿರಲಿಲ್ಲ. ಮದ್ದೂರು ದಾಟುವಾಗ ಚೌಡಯ್ಯ ಲಾರಿಯಿಂದ ಹಾರಲು ಎದ್ದ. ಹಮೀದ್ ಲಾರಿ ನಿಲ್ಲಿಸಿ, ಸ್ಟೀರಿಂಗನ್ನು ಕ್ಲೀನರಿಗೆ ಕೊಟ್ಟು ಹಿಂದೆ ಹತ್ತಿದ. ಅವನಿಗೆ ಮಾರಮ್ಮನ ಭಯವೂ ಇರಲಿಲ್ಲ, ಮೈಲಿಗೆಯ ಭಯವೂ ಇರಲಿಲ್ಲ. ಚೌಡಯ್ಯನನ್ನು ಹಿಂದಿನಿಂದ ತಬ್ಬಿ ಎಳನೀರಿನ ಮೇಲೆ ಕೂತ. "ಕೂತ್ಕೊ ಮಾರಮ್ಮ, ಬಿದ್ರೆ ಕೇಸ್ ನನ್ ಮೇಲೆ ಹಾಕ್ತಾರೆ" ಎಂದು ಮಂಡ್ಯದ ತನಕ ಹೇಳುತ್ತಲೇ ಇದ್ದ.

ಮಂಡ್ಯದ ಆಸ್ಪತ್ರೆಯಲ್ಲಿ ಸೂಜಿ ಕಂಡಾಗ ಚೌಡಯ್ಯನ ಪ್ರತಾಪ ಪೂರ್ತಿ ಹೊರಬಂತು. ನೀರಿನ ಕರಾರು ಲಾರಿ ಹತ್ತುವವರೆಗೆ ಮಾತ್ರ. ಹಮೀದ್ ಭುಜ ಹಿಡಿದ, ವಾರ್ಡ್‌ಬಾಯ್‌ಗಳು ಕೈ ಹಿಡಿದರು, ಹೊಂಬಾಳಮ್ಮ ಗಂಡನ ಕಾಲುಗಳ ಮೇಲೆ ಕೂತಳು. ಅವನು ಅವಳ ಮುಖಕ್ಕೆ ಉಗಿದ. ಗೌಡರು ಕಟ್ಟಿದರು, ಈಗ ನೀನೂ ಕಟ್ಟುತ್ತೀಯಾ ಎಂದು ಕೇಳಿದ. ಆ ಮಾತು ಮಾರಮ್ಮನದಾಗಿರಲಿಲ್ಲ, ಅವನದೇ ಆಗಿತ್ತು. ಅವಳಿಗೆ ಅದು ಹುಣಸೆಬರಲಿಗಿಂತ ಹೆಚ್ಚು ತಾಗಿತು. ಆದರೂ ಕಾಲ ಮೇಲಿಂದ ಏಳಲಿಲ್ಲ. ಬದುಕಿದ್ದರೆ ಬೈಯಲಿ, ಜೀವನಪೂರ್ತಿ ಬೈಯಲಿ ಎಂದುಕೊಂಡಳು. ಡಾಕ್ಟರು ಅವನ ಮಣಿಕಟ್ಟು ಹಿಡಿದು ನಾಡಿ ನೋಡುತ್ತ ಹೆಸರು ಕೇಳಿದರು. ಅವನು ಮಾರಮ್ಮ ಎಂದ. "ಚೌಡಯ್ಯ. ನನ್ ಗಂಡ" ಎಂದು ಅವಳು ಹೇಳಿದಳು.

ಅವನು ಮಲಗಿದ. ಮಧ್ಯೆ ಮಧ್ಯೆ ಎದ್ದು ಮತ್ತೆ ಮಲಗಿದ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಕಣ್ಣು ಬಿಟ್ಟು, ನಾಲಿಗೆ ದಪ್ಪಗಾದವನ ಹಾಗೆ, "ಲೇ, ಒಂದ್ ಬೀಡಿ ಕೊಡೇ" ಎಂದ. ಹೊಂಬಾಳಮ್ಮ ವರಾಂಡಕ್ಕೆ ಹೋಗಿ ಗೋಡೆಗೆ ಮುಖಮಾಡಿ ಅತ್ತಳು. ಗುಳಿಗೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಿಸಬೇಕು, ಬೇಡ ಅಂದರೂ ನುಂಗಿಸಬೇಕು, ನಿಲ್ಲಿಸಿದರೆ ಮತ್ತೆ ಬರುತ್ತದೆ ಎಂದು ಡಾಕ್ಟರು ಹೇಳಿದರು.

ಮರಿಸಿದ್ದಯ್ಯ ಆಸ್ಪತ್ರೆಗೆ ಬಂದ. ಚೌಡಯ್ಯನನ್ನು ನೋಡಿದ, ಮುಟ್ಟಿದ, ತನ್ನ ಕೈ ನೋಡಿಕೊಂಡ. ಆಮೇಲೆ ಹೊಂಬಾಳಮ್ಮನನ್ನು ಆಚೆ ಕರೆದು ಊರಿನ ಸುದ್ದಿ ಹೇಳಿದ. ಗೌಡರ ಮನೆಯನ್ನು ಗಂಜಲ ಹಾಕಿ ತೊಳೆದರು. ಮಣ್ಣಿನ ಪಾತ್ರೆಯೆಲ್ಲ ತಿಪ್ಪೆಗೆ ಹೋಯಿತು. ಕೇರಿಯವರಿಗೆ ಕೂಲಿ ಬಂದ್ ಮಾಡಿದ್ದಾರೆ, ಅಂಗಡಿಯಲ್ಲಿ ಉಪ್ಪೂ ಕೊಡುತ್ತಿಲ್ಲ. ಒಂದು ದಾರಿ ಇದೆ, ಶಾನುಭೋಗ ಶ್ಯಾಮಣ್ಣನವರೇ ಹುಡುಕಿಕೊಟ್ಟಿದ್ದಾರೆ.

"ನೀನು ಒಳಿಕ್ಕೋದಾಗ ನಿನ್ ಮೈಮೇಲೂ ಅಮ್ಮ ಬಂದಿದ್ಲು ಅಂತ ಚಾವ್ಡೀಲಿ ಏಳ್ಬುಡವ್ವ. ಅಮ್ಮನೇ ಒಳಿಕ್ಕೋದ್ರೆ ಮೈಲ್ಗೆ ಇಲ್ಲ. ಎಲ್ಲಾ ಅಲ್ಲಿಗೇ ಮುಗುದೋಯ್ತದೆ."

ಅವಳು ಯೋಚಿಸಿದಳು. ಕೇರಿಯ ಒಲೆಗಳು ಅವಳಿಗೆ ಗೊತ್ತಿದ್ದವು. ಗಂಡನನ್ನು ಮತ್ತೆ ಕರೆದುಕೊಂಡು ಹೋಗಬೇಕಾದದ್ದೂ ಅದೇ ಊರಿಗೆ. ಒಂದು ಸುಳ್ಳು. ತೀರಾ ದೊಡ್ಡ ಸುಳ್ಳೂ ಅಲ್ಲ. ಮಾರಮ್ಮ ಬೇಸರಪಟ್ಟುಕೊಳ್ಳುವವಳಲ್ಲ. ಲೋಡು ಇಳಿಸಿ ನೋಡಿಹೋಗಲು ಬಂದಿದ್ದ ಹಮೀದನಿಗೆ ಗಂಡನನ್ನು ನೋಡಿಕೊಳ್ಳಲು ಹೇಳಿ ಅವಳು ಮರಿಸಿದ್ದಯ್ಯನ ಜೊತೆ ಬಸ್ಸು ಹತ್ತಿದಳು. ಊರಿನತ್ತ ನಡೆಯುವಾಗಲೂ, ಹೇಳಿಬಿಡೋಣ ಎಂದೇ ಇದ್ದಳು.

ಚಾವಡಿಯಲ್ಲಿ ಗೌಡರ ಬೀದಿ ಮೇಲೆ ಕೂತಿತ್ತು, ಕೇರಿ ಕೆಳಗೆ ನಿಂತಿತ್ತು. ಚಲುವಮ್ಮ ಹೆಂಗಸರ ಗುಂಪಿನಲ್ಲಿ ತಟ್ಟೆ, ಕುಂಕುಮ, ಬೇವಿನಸೊಪ್ಪು ಸಿದ್ಧ ಮಾಡಿಟ್ಟುಕೊಂಡಿದ್ದಳು. ಹೊಂಬಾಳಮ್ಮ ಹೂಂ ಅಂದ ಕೂಡಲೇ ಅವಳ ಕಾಲಿಗೂ ಬೀಳುವುದೆಂದು ಏರ್ಪಾಡಾಗಿತ್ತು. ಶ್ಯಾಮಣ್ಣ ನಯವಾಗಿ ಮಾತು ತೆಗೆದರು. ಆಕೆ ಉತ್ತರ ಹುಡುಕುವ ಕಷ್ಟವೂ ಬೇಡವೆಂದು ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟರು. "ಅವತ್ತು ನಿನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಅಮ್ಮನೇ ನಡೆಸಿಕೊಂಡು ಹೋದಳು. ಅಲ್ಲವೇನಮ್ಮಾ?"

ಹೊಂಬಾಳಮ್ಮ ತಟ್ಟೆ ನೋಡಿದಳು. ಕಾಲಿಗೆ ಬೀಳಲು ಸಿದ್ಧವಾಗಿ ಕೂತ ಚಲುವಮ್ಮನನ್ನು ನೋಡಿದಳು. ಬಿದ್ದು ಎದ್ದ ಮೇಲೆ ಅದೇ ಚಲುವಮ್ಮ ಸೆರಗು ಎತ್ತಿಕೊಂಡು ಪಕ್ಕಕ್ಕೆ ಹಾರುತ್ತಾಳೆ. ಗಂಡನ ಬೆನ್ನಿನ ಬಾಸುಂಡೆ ಇನ್ನೂ ಹಸಿಯಾಗಿತ್ತು.

"ಇಲ್ಲ" ಎಂದಳು.

ಮರಿಸಿದ್ದಯ್ಯ ಕಣ್ಣು ಮುಚ್ಚಿಕೊಂಡ.

"ನನ್ ಗಂಡಂಗೆ ಕಾಯಿಲೆ. ಮದ್ದು ಕೊಡ್ತಾವ್ರೆ. ನಂಗೆ ಯಾವ್ ಕಾಯಿಲೇನೂ ಇಲ್ಲ. ನನ್ ಮೈಮೇಲೆ ಯಾರೂ ಬಂದಿರ್ನಿಲ್ಲ. ಒಳಿಕ್ಕೋದೋಳು ನಾನೇ."

"ಯೋಚ್ನೆ ಮಾಡಿ ಮಾತಾಡು" ಎಂದು ದ್ಯಾವೇಗೌಡ ಹೇಳಿದ.

"ಯೋಚ್ನೆ ಮಾಡೇ ಓದೆ, ಗೌಡ್ರೆ." ಬುದ್ಧಿ ಎನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ. "ಅಷ್ಟು ವರ್ಸ ಬೀದೀಲೇ ನಿಲ್ಸಿದ್ರಲ್ಲ, ಒಳ್ಗಡೆ ಅದೇನು ಮಡ್ಗವ್ರೋ ಅಂದ್ಕಂಡಿದ್ದೆ. ಏನೂ ಇಲ್ಲ. ಕತ್ಲೆ. ಮಸಿ. ನಮ್ಮನೇಲಿರಂಗೇ ಒಂದು ಒಲೆ. ಒಲೆ ಮುಂದೆ ಬೆಕ್ಕು ಮಲ್ಗಿತ್ತು. ನಾನು ಓದ್ರೆ, ಅದು ಕಣ್ ಬುಟ್ಟು ನೋಡ್ತು. ತಿರ್ಗಾ ಮಲಿಕ್ಕತು."